ಸಂಜೆ ಐದರ ಮೇಲೆ ಹೋಗಿ ನೋಡಿ: ಡಿಮೆನ್ಷಿಯಾ ಆರೈಕೆ ಕೇಂದ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ (ಅಲ್ಝೈಮರ್ ಅದರಲ್ಲೊಂದು ಬಗೆ), ಇರುವ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಸೇರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿಲ್ಲ. ಪತ್ರ ಬರೆದವರು ಅದನ್ನು ದಾಟಿ ಬಂದಿದ್ದಾರೆ.

ಪ್ರಶ್ನೆ: ಅಮ್ಮನಿಗೆ 78 ವರ್ಷ. ಅಲ್ಝೈಮರ್ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಈಗ ರಾತ್ರಿಯಿಡೀ ಓಡಾಡುತ್ತಾರೆ, ಎರಡು ಸಲ ಗೇಟು ದಾಟಿ ಹೋಗಿದ್ದರು. ಬೆಂಗಳೂರಿನಲ್ಲಿ ಎರಡು ಕೇಂದ್ರ ನೋಡಿ ಬಂದೆವು. ಒಂದು ಥೇಟ್ ಹೋಟೆಲ್. ಇನ್ನೊಂದು ಹಳೇ ಮನೆ, ಆದರೆ ಜನ ಒಳ್ಳೆಯವರು ಅನಿಸಿತು. ಯಾವುದನ್ನು ನಂಬುವುದು?
— ಶಿವಮೊಗ್ಗದ ಓದುಗರು

ಉತ್ತರ: ಎರಡಕ್ಕೂ ಇನ್ನೊಮ್ಮೆ ಹೋಗಿ. ಈ ಸಲ ಫೋನ್ ಮಾಡದೆ, ಸಂಜೆ ಐದರಿಂದ ಏಳರೊಳಗೆ ಹೋಗಿ. ಭಾನುವಾರವಾದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ ಮುಗಿದಿರುತ್ತದೆ, ನೆಲ ಒರೆಸಿರುತ್ತದೆ, ಮ್ಯಾನೇಜರ್ ಕುರ್ಚಿಯಲ್ಲಿರುತ್ತಾರೆ. ಡಿಮೆನ್ಷಿಯಾ ಇರುವವರಿಗೆ ಕಳವಳ ಏರುವುದು ಹೊತ್ತು ಮುಳುಗುವಾಗ. "ಮನೆಗೆ ಹೋಗ್ಬೇಕು, ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು" ಎಂದು ಬಾಗಿಲು ಹಿಡಿದು ನಿಲ್ಲುವುದು, ಅಳುವುದು, ಬೈಯುವುದು ಎಲ್ಲ ಆಗಲೇ. ಪಾಳಿ ಬದಲಾಗುವುದೂ ಹೆಚ್ಚಾಗಿ ಅದೇ ಹೊತ್ತಿಗೆ.

ಆಗ ಅಲ್ಲಿಯವರು ಏನು ಮಾಡುತ್ತಾರೆ, ನೋಡಿ. "ಮಕ್ಕಳೆಲ್ಲ ದೊಡ್ಡವರಾಗಿದ್ದಾರಲ್ಲ ಅಜ್ಜಿ, ಸುಮ್ನೆ ಕೂತ್ಕೊಳ್ಳಿ" ಎಂದು ತಿದ್ದಿದರೆ ಅವರಿಗೆ ಯಾರೂ ಕೆಲಸ ಕಲಿಸಿಲ್ಲ ಎಂದರ್ಥ. "ಮಕ್ಕಳಿಗೆ ಏನು ತಿಂಡಿ ಮಾಡ್ತಿದ್ರಿ?" ಎಂದು ಮಾತಿಗೆಳೆದು, ಕೈ ಹಿಡಿದು ಎರಡು ಸುತ್ತು ನಡೆಸಿಕೊಂಡು ಬಂದರೆ ಕಲಿತಿದ್ದಾರೆ. ಟೀವಿಯಲ್ಲಿ ಧಾರಾವಾಹಿ ಜೋರಾಗಿ ಹಾಕಿ ಹನ್ನೆರಡು ಜನರನ್ನು ಅದರ ಮುಂದೆ ಸಾಲಾಗಿ ಕೂರಿಸಿದ್ದರೆ, ಗೋಡೆಯ ಮೇಲಿನ ಚಟುವಟಿಕೆಗಳ ವೇಳಾಪಟ್ಟಿಯನ್ನು ಓದುವ ಅಗತ್ಯವಿಲ್ಲ.

ಎರಡನೆಯದು ಜನರ ಲೆಕ್ಕ. "ನಾಲ್ವರಿಗೆ ಒಬ್ಬರು ಆಯಾ" ಎನ್ನುತ್ತಾರೆ. 24 ಮಂದಿ ಇರುವ ಕಡೆ ಅದರರ್ಥ ಆರು ಜನ. ಪಾಳಿ 12 ಗಂಟೆಯದಾದರೆ ಒಂದು ಹೊತ್ತಿಗೆ ಇರುವವರು ಮೂವರೇ, ಅಂದರೆ ಎಂಟು ಮಂದಿಗೆ ಒಬ್ಬರು. ಮೂವರಲ್ಲಿ ಒಬ್ಬರಿಗೆ ವಾರದ ರಜೆ ಬಂದರೆ, ಇಲ್ಲವೇ ಒಬ್ಬರು ಯಾರನ್ನೋ ಆಸ್ಪತ್ರೆಗೆ ಕರೆದೊಯ್ದರೆ, ಹನ್ನೆರಡು ಮಂದಿಗೆ ಒಬ್ಬರು. ಆದ್ದರಿಂದ ಅನುಪಾತ ಕೇಳಬೇಡಿ. "ನಿನ್ನೆ ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿದ್ದವರು ಯಾರು ಯಾರು? ಡ್ಯೂಟಿ ರಿಜಿಸ್ಟರ್ ತೋರಿಸುತ್ತೀರಾ?" ಎಂದು ಕೇಳಿ. ನಿಮ್ಮ ತಾಯಿಯಂತೆ ರಾತ್ರಿ ಓಡಾಡುವವರಿರುವ ಮಹಡಿಯಲ್ಲಿ ಕನಿಷ್ಠ ಇಬ್ಬರು ಎಚ್ಚರವಾಗಿರಬೇಕು. ಬಿದ್ದವರನ್ನು ಎತ್ತಲು ಇಬ್ಬರು ಬೇಕು, ಒಬ್ಬರೇ ಎತ್ತಲು ಹೋದರೆ ಇಬ್ಬರಿಗೂ ಪೆಟ್ಟು. ರಾತ್ರಿ ಪಾಳಿಯ ನರ್ಸ್ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರೇ ಎಂದೂ ಕೇಳಿ. ಎಲ್ಲರೂ "ಸಿಸ್ಟರ್" ಎಂದು ಕರೆದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ.

ಮೂರನೆಯದು ಭಾಷೆ. ಬೆಂಗಳೂರಿನ ಕೇಂದ್ರಗಳ ಆಯಾಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು ಬಹಳ. ಕೆಲಸದಲ್ಲಿ ಕೊರತೆ ಇರುವುದಿಲ್ಲ, ಆದರೆ ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಜಾರುತ್ತದೆ, ಕೊನೆಗೆ ಉಳಿಯುವುದು ಮನೆಮಾತು. ನಿಮ್ಮ ತಾಯಿ "ಹೊರಗೆ ಹೋಗ್ಬೇಕು" ಎಂದರೆ ಬಚ್ಚಲಿಗೆ ಹೋಗಬೇಕು ಎಂದಿರಬಹುದು. ಕನ್ನಡ ಬಾರದವರು, ಬಂದರೂ ಆ ವಾಡಿಕೆ ಗೊತ್ತಿಲ್ಲದವರು, "ಈಗ ಬೇಡ, ನಾಳೆ ಹೋಗೋಣ" ಎಂದು ಕೂರಿಸುತ್ತಾರೆ. ಹತ್ತು ನಿಮಿಷದಲ್ಲಿ ಸೀರೆ ಒದ್ದೆ, ಇಪ್ಪತ್ತು ನಿಮಿಷದಲ್ಲಿ ಜಗಳ, ಸಂಜೆಗೆ ಕೇಸ್‌ಶೀಟಿನಲ್ಲಿ "ರೋಗಿ ಉದ್ರೇಕಗೊಂಡಿದ್ದರು" ಎಂಬ ಸಾಲು, ರಾತ್ರಿಗೆ ಒಂದು ಮಾತ್ರೆ. ಪ್ರತಿ ಪಾಳಿಯಲ್ಲೂ, ಮುಖ್ಯವಾಗಿ ರಾತ್ರಿ, ಕನ್ನಡ ಬರುವವರು ಒಬ್ಬರಾದರೂ ಇದ್ದಾರೆಯೇ ಎಂದು ವಿಚಾರಿಸಿ. ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನವರೂ ಇದನ್ನೇ ಕೇಳಬೇಕು.

ಕಟ್ಟಡದ ಮಾತಿಗೆ ಬಂದರೆ, ಹೋಟೆಲಿನಂಥದ್ದರ ಬಗ್ಗೆ ನಮಗೆ ಅನುಮಾನ ಜಾಸ್ತಿ. ಮಿರುಗುವ ಗ್ರಾನೈಟ್ ನೆಲ ಈ ರೋಗಿಗಳ ಕಣ್ಣಿಗೆ ನೀರು ನಿಂತಂತೆ ಕಾಣುತ್ತದೆ, ಕಾಲಿಡಲು ಹೆದರುತ್ತಾರೆ. ಲಿಫ್ಟಿನ ಮುಂದಿನ ಕಪ್ಪು ಮ್ಯಾಟ್ ಗುಂಡಿಯಂತೆ ಕಾಣುತ್ತದೆ. ದೊಡ್ಡ ಕನ್ನಡಿಯಲ್ಲಿ ಯಾರೋ ಪರಕೀಯರು ನಿಂತಿರುತ್ತಾರೆ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಇದ್ದರೆ ಕಮೋಡ್ ಎಲ್ಲಿದೆ ಎಂದೇ ತಿಳಿಯದೆ ಮೂಲೆಯಲ್ಲಿ ಮಾಡಿಬಿಡುತ್ತಾರೆ, ಅದಕ್ಕೆ ಡೈಪರ್ ಹಾಕುತ್ತಾರೆ. ಬಣ್ಣದ ಸೀಟು ಹಾಕಿದ್ದರೆ ಅರ್ಧ ಸಮಸ್ಯೆ ಕಡಿಮೆ. ಮಂಚದಲ್ಲಿ ಮಲಗಿದಲ್ಲಿಂದಲೇ ಬಚ್ಚಲ ಬಾಗಿಲು ಕಾಣಬೇಕು, ರಾತ್ರಿ ಅಲ್ಲೊಂದು ದೀಪ ಉರಿಯಬೇಕು. ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು.

ವಾಸನೆಯನ್ನೂ ಅಳೆಯಿರಿ. ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದರೆ ಈಗಷ್ಟೇ ಏನೋ ಆಗಿದೆ. ಮನೆಯಿಡೀ, ಹಾಸಿಗೆ ಸೋಫಾಗಳಿಂದ ಬಂದರೆ ಕೈಗಳು ಸಾಲುತ್ತಿಲ್ಲ. ಗೇಟು ದಾಟುವ ಅಭ್ಯಾಸವಿರುವ ನಿಮ್ಮ ತಾಯಿಗೆ ಬೀಗವೂ ಬೇಕು, ನಡೆಯಲು ಜಾಗವೂ ಬೇಕು. ಎಲ್ಲೂ ಬಾಗಿಲಿಗೆ ಡಿಕ್ಕಿ ಹೊಡೆಯದೆ ಸುತ್ತಿ ಬರುವಂಥ ವರಾಂಡ ಅಥವಾ ಅಂಗಳ ಇದ್ದರೆ ಚೆನ್ನ. ಬೀಗದ ಕೈ ರಾತ್ರಿ ಯಾರ ಸೊಂಟದಲ್ಲಿರುತ್ತದೆ, ಬೆಂಕಿ ಬಿದ್ದರೆ ಎಲ್ಲಿಂದ ಇಳಿಸುತ್ತಾರೆ ಎಂದು ಆಯಾಳನ್ನೇ ಕೇಳಿ, ಮ್ಯಾನೇಜರನ್ನಲ್ಲ.

ಕಡೆಗೆ, ಬಿದ್ದವರ ದಾಖಲೆ ಇಟ್ಟಿದ್ದಾರೆಯೇ ನೋಡಿ. "ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ" ಎಂಬ ಉತ್ತರ ಬಂದರೆ ಒಂದೋ ಬರೆದಿಡುವುದಿಲ್ಲ, ಇಲ್ಲವೇ ಯಾರನ್ನೂ ಎದ್ದೇಳಲು ಬಿಡುವುದಿಲ್ಲ. ಹಳೇ ಮನೆಯಲ್ಲಿ ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕಿದರೆ ನಮ್ಮ ಓಟು ಅದಕ್ಕೇ. ಹಿಡಿಕಂಬಿ ಹಾಕಿಸುವುದು ಒಂದು ದಿನದ ಕೆಲಸ. ಆದರೆ ನಿಮ್ಮ ತಾಯಿಯ ಕೋಣೆ ಕಡಿದಾದ ಮೆಟ್ಟಿಲ ಮೇಲಿದ್ದರೆ ಒಪ್ಪಬೇಡಿ.

ಪ್ರಶ್ನೆ: ನಮ್ಮೂರಲ್ಲಿ ಡಿಮೆನ್ಷಿಯಾ ಕೇಂದ್ರವಿಲ್ಲ. ಪರಿಚಯದ ನರ್ಸಿಂಗ್ ಹೋಂ ಒಂದರಲ್ಲಿ "ಒಂದು ರೂಮು ಕೊಡುತ್ತೇವೆ, ಇಟ್ಟುಕೊಳ್ಳುತ್ತೇವೆ" ಎನ್ನುತ್ತಾರೆ. ಸೇರಿಸಬಹುದೇ?
— ಚಿತ್ರದುರ್ಗದ ಓದುಗರು

ಉತ್ತರ: ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ. ಹೆರಿಗೆ, ಜ್ವರ, ಆಪರೇಷನ್‌ಗೆ ಕಟ್ಟಿದ ಜಾಗ. ಅಲ್ಲಿ ನಡೆಯಲು ಜಾಗವಿಲ್ಲ, ದಿನಕ್ಕೊಂದು ಹೊಸ ಮುಖ, ರಾತ್ರಿಯಿಡೀ ಬೆಳಕು, ಸದ್ದು. ಮರೆವಿನವರಿಗೆ ಇದಕ್ಕಿಂತ ಗೊಂದಲದ ಜಾಗ ಇನ್ನೊಂದಿಲ್ಲ. ಒಂದು ವಾರದ ತುರ್ತಿಗೆ ಸರಿ, ವರ್ಷಗಟ್ಟಲೆಗೆ ಬೇಡ. ಅದೇ ಹಣದಲ್ಲಿ ಮನೆಗೆ ಇಬ್ಬರು ಸಹಾಯಕರನ್ನು ಹಗಲು-ರಾತ್ರಿಗೆ ಹಂಚಿ ಇಟ್ಟುಕೊಳ್ಳಲು ಆಗುತ್ತದೆಯೇ ಲೆಕ್ಕ ಹಾಕಿ.

ಎಲ್ಲೇ ಸೇರಿಸಿದರೂ ಗೋಡೆಯ ಮೇಲಿನ ಪ್ರಮಾಣಪತ್ರ ಓದಿ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ನೋಂದಣಿ ಬೇಕು. ಮಾನಸಿಕ ಕಾಯಿಲೆಯವರನ್ನು ಒಳಗಿಟ್ಟುಕೊಂಡು ಆರೈಕೆ ಮಾಡುವ ಸಂಸ್ಥೆಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ನೋಂದಣಿ ಪ್ರತ್ಯೇಕ. ಟ್ರಸ್ಟ್ ನೋಂದಣಿಯನ್ನೋ ಪಾಲಿಕೆಯ ಟ್ರೇಡ್ ಲೈಸೆನ್ಸನ್ನೋ ತೋರಿಸಿ "ಸರ್ಕಾರದ ಅನುಮತಿ ಇದೆ" ಎನ್ನುವವರುಂಟು. ಪತ್ರದ ಮೇಲೆ ಯಾವ ಕಾಯ್ದೆಯ ಹೆಸರಿದೆ, ಅವಧಿ ಎಂದಿಗೆ ಮುಗಿಯುತ್ತದೆ ನೋಡಿಕೊಳ್ಳಿ.

ಪ್ರಶ್ನೆ: ತಂದೆಯನ್ನು ಸೇರಿಸಿ ಎರಡು ತಿಂಗಳು. ಯಾವಾಗ ಹೋದರೂ ನಿದ್ದೆ. ಮಾತು ನಿಂತಿದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. "ಕಾಯಿಲೆ ಮುಂದುವರಿದಿದೆ" ಎನ್ನುತ್ತಾರೆ. ನಿಜವೇ?
— ಮಂಗಳೂರಿನ ಓದುಗರು

ಉತ್ತರ: ಅಲ್ಝೈಮರ್ ಎರಡು ತಿಂಗಳಲ್ಲಿ ಇಷ್ಟು ಓಡುವುದಿಲ್ಲ. ಬೇರೆ ಕಾರಣ ಹುಡುಕಬೇಕು, ಈ ವಾರವೇ.

ಮೊದಲು ಔಷಧದ ಹಾಳೆ ಕೇಳಿ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಕೊಟ್ಟವರ ಸಹಿ ಇರುವ ಹಾಳೆ ಅದು. ಫೋಟೋ ತೆಗೆದುಕೊಳ್ಳುವುದಕ್ಕೆ ಅಡ್ಡಿಪಡಿಸಿದರೆ ಅದೇ ಒಂದು ಉತ್ತರ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಓಲಾಂಜಪಿನ್, ಹ್ಯಾಲೊಪೆರಿಡಾಲ್ ಎಂಬ ಹೆಸರುಗಳಿದ್ದರೆ ಅವು ಮನೋವಿಕಾರಕ್ಕೆ ಕೊಡುವ ಔಷಧಗಳು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಈ ಬಗೆಯ ಹೊಸ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತು, 2008ರಲ್ಲಿ ಹಳೆಯವನ್ನೂ ಸೇರಿಸಿತು. ಕೊಡಲೇಬಾರದು ಎಂದಲ್ಲ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಷ್ಟು ಉದ್ರೇಕವಿದ್ದರೆ ಕನಿಷ್ಠ ಪ್ರಮಾಣದಲ್ಲಿ, ಕಡಿಮೆ ಅವಧಿಗೆ ಕೊಡುತ್ತಾರೆ. ಆರು ವಾರಕ್ಕೊಮ್ಮೆಯಾದರೂ "ಇನ್ನೂ ಬೇಕೇ?" ಎಂದು ಪರಿಶೀಲಿಸಬೇಕು ಎನ್ನುತ್ತದೆ ಚಿಕಿತ್ಸೆಯ ಕ್ರಮಗಳನ್ನು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ. ಯಾವ ವೈದ್ಯರು, ಯಾವ ದಿನ, ಯಾವ ವರ್ತನೆಗೆ ಬರೆದರು, ಮುಂದಿನ ಪರಿಶೀಲನೆ ಯಾವಾಗ ಎಂದು ಕೇಳಿ. "ಕಿರುಚುತ್ತಿದ್ದರು, ಅದಕ್ಕೆ" ಎಂಬುದು ಸಾಲದು.

ನಡೆ ಬಿಗಿಯಾಗಿದೆ, ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ ಎಂದರೆ ಇಂಥ ಔಷಧದ ಅಡ್ಡಪರಿಣಾಮ ಇರಬಹುದು. ಅದನ್ನು ತಗ್ಗಿಸಲು ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮಾತ್ರೆ ಸೇರಿಸುವುದುಂಟು, ಅದು ನೆನಪನ್ನು ಇನ್ನಷ್ಟು ಕೆಡಿಸುತ್ತದೆ. ಲ್ಯೂವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇದ್ದವರಿಗಂತೂ ಹ್ಯಾಲೊಪೆರಿಡಾಲ್ ಪ್ರಾಣಕ್ಕೇ ಎರವಾಗಬಹುದು. ಆದರೆ ನೀವೇ ಹೇಳಿ ಒಮ್ಮೆಗೇ ನಿಲ್ಲಿಸಬೇಡಿ. ಕಳವಳ, ನಿದ್ದೆಗೆ ಕೊಡುವ ಲೊರಾಜೆಪಾಮ್, ಕ್ಲೋನಾಜೆಪಾಮ್ ದಿನವೂ ಕೊಡುತ್ತಿದ್ದರೆ ತಟ್ಟನೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು.

ಮಾತ್ರೆಯೇ ಕಾರಣ ಎಂದು ತೀರ್ಮಾನಿಸಿಯೂ ಕೂರಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ಐದಾರು ದಿನದ ಮಲಬದ್ಧತೆ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೇರಿದ ರಕ್ತ, ಇವೆಲ್ಲ ಹೀಗೇ ಮಂಕಾಗಿಸುತ್ತವೆ. ಎಲ್ಲಕ್ಕೂ ಚಿಕಿತ್ಸೆ ಇದೆ. ರಕ್ತ, ಮೂತ್ರ ಪರೀಕ್ಷೆ, ಬಿದ್ದ ಇತಿಹಾಸವಿದ್ದರೆ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಅಪ್ಪನ್ನ ಖುರ್ಚಿಗೆ ದುಪಟ್ಟಾದಿಂದ ಕಟ್ಟಿದ್ದು ಕಣ್ಣಾರೆ ಕಂಡೆವು. "ಬೀಳಬಾರದು ಅಂತ ಕಟ್ಟೀವಿ" ಅಂತಾರೆ. ಇದಕ್ಕೆ ಕಾನೂನು ಇಲ್ಲವೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 97ನೇ ಕಲಮಿನ ಪ್ರಕಾರ, ಕಣ್ಣೆದುರೇ ಇರುವ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ದೈಹಿಕವಾಗಿ ನಿರ್ಬಂಧಿಸಬಹುದು. ಅದಕ್ಕೆ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಬೇಕು. ಹೇಗೆ, ಏಕೆ, ಎಷ್ಟು ಹೊತ್ತು ಎಂದು ಬರೆದಿಡಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆಂದಾಗಲೀ ಸಿಬ್ಬಂದಿ ಕಡಿಮೆ ಇದ್ದಾರೆಂದಾಗಲೀ ಕಟ್ಟುವಂತಿಲ್ಲ. ನಿಮ್ಮ ತಂದೆ ಇರುವ ಕೇಂದ್ರ ಈ ಕಾಯ್ದೆಯಡಿ ನೋಂದಣಿ ಮಾಡಿಸಿಲ್ಲ ಎಂದರೂ ಅಳತೆಗೋಲು ಇದೇ. ಮುಂದೆ ತಟ್ಟೆಯಂಥ ಹಲಗೆ ಹಾಕಿ ಏಳದಂತೆ ಮಾಡಿದ ಕುರ್ಚಿಯೂ, ಎರಡೂ ಬದಿ ಎತ್ತಿದ ಮಂಚದ ಕಂಬಿಯೂ ಕಟ್ಟಿದಂತೆಯೇ ಲೆಕ್ಕ. ಕಂಬಿ ಹತ್ತಿ ಬೀಳುವವರಿಗೆ ಬೀಳುವ ಎತ್ತರ ಹೆಚ್ಚುತ್ತದೆ, ಅಷ್ಟೇ.

ಕಟ್ಟಿದರೆ ಬೀಳುವುದು ತಪ್ಪುತ್ತದೆ ಎಂಬುದೂ ನಿಜವಲ್ಲ. ಎರಡು ವಾರ ಕೂತಲ್ಲೇ ಕೂತ ಕಾಲು ಮೂರನೇ ವಾರ ನಿಲ್ಲುವುದಿಲ್ಲ. ಅವರು ಯಾವ ಹೊತ್ತಿಗೆ ಏಳುತ್ತಾರೆ ಎಂದು ಮೂರು ದಿನ ಬರೆದಿಡಲು ಹೇಳಿ. ಹೆಚ್ಚಿನ ಸಲ ಉತ್ತರ ಮೂತ್ರ, ಹಸಿವು, ನೋವು, ಇಲ್ಲವೇ ಬೇಸರ. ಎರಡು ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ದರೆ ಏಳುವುದು ಎಷ್ಟೋ ಕಡಿಮೆಯಾಗುತ್ತದೆ. ತಗ್ಗು ಮಂಚ, ಹಿಮ್ಮಡಿ ಮುಚ್ಚುವ ಜಾರದ ಚಪ್ಪಲಿ, ನಿಂತಾಗ ಬಿಪಿ ಇಳಿಯುತ್ತದೆಯೇ ಎಂಬ ಪರೀಕ್ಷೆ, ರಾತ್ರಿ ನಿದ್ದೆ ಮಾತ್ರೆಯ ಮರುಪರಿಶೀಲನೆ, ಇವಿಷ್ಟನ್ನು ಮಾಡದೆ ದುಪಟ್ಟಾ ಹುಡುಕಿದ್ದಾರೆ.

ಕಂಡ ದಿನಾಂಕ, ಹೊತ್ತು ಹಾಕಿ ಮಾಲೀಕರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಸರಿಹೋಗದಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ದೂರು ಕೊಡಬಹುದು. ಹಿರಿಯರ ಸಹಾಯವಾಣಿ 14567. ಮನೋವೈದ್ಯರ ಎರಡನೇ ಅಭಿಪ್ರಾಯಕ್ಕೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಪ್ರಶ್ನೆ: ತಾಯಿ ಮೈಸೂರಿನ ಕೇಂದ್ರವೊಂದರಲ್ಲಿದ್ದಾರೆ, ನಾವು ಮಕ್ಕಳಿಬ್ಬರೂ ಹೊರದೇಶದಲ್ಲಿ. ವಾರಕ್ಕೊಮ್ಮೆ ವಿಡಿಯೊ ಕಾಲ್. ಪ್ರತಿಸಲ ತಲೆ ಬಾಚಿ, ಹೂ ಮುಡಿಸಿ ಕೂರಿಸಿರುತ್ತಾರೆ. ನಿಜಸ್ಥಿತಿ ತಿಳಿಯುವುದು ಹೇಗೆ?
— ದುಬೈನ ಓದುಗರು

ಉತ್ತರ: ಹೂವು ನೋಡಬೇಡಿ, ತೂಕ ಕೇಳಿ. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ ಬರೆದ ಚಾರ್ಟಿನ ಫೋಟೋ ತರಿಸಿ. 50 ಕೆ.ಜಿ. ಇದ್ದವರು ತಿಂಗಳಲ್ಲಿ ಎರಡೂವರೆ ಕೆ.ಜಿ., ಅಥವಾ ಆರು ತಿಂಗಳಲ್ಲಿ ಐದು ಕೆ.ಜಿ. ಇಳಿದರೆ ಅದು ತನಿಖೆ ಮಾಡಬೇಕಾದ ಇಳಿಕೆ. "ವಯಸ್ಸಾಯ್ತಲ್ಲ" ಎಂಬುದು ಕಾರಣವಲ್ಲ. ತಕ್ಕಡಿಯೇ ಇಲ್ಲ ಎಂದರೆ ಒಂದು ಕೊಡಿಸಿ. ನಿಲ್ಲಲಾರದವರಿಗೆ ತೋಳಿನ ಸುತ್ತಳತೆ ಬರೆದಿಡಲಿ.

ಎರಡನೆಯದು, ವಿಡಿಯೊ ಕರೆಯನ್ನು ಗೊತ್ತುಪಡಿಸಿದ ಹೊತ್ತು ಬಿಟ್ಟು ಊಟದ ಹೊತ್ತಿಗೆ ಮಾಡಿ. ಒಂದು ಸಲ ಹಿಮ್ಮಡಿ, ಇನ್ನೊಂದು ಸಲ ಉಗುರು, ಹಲ್ಲು ತೋರಿಸಲು ಹೇಳಿ. ಮಲಗಿಯೇ ಇರುವವರಾದರೆ ಬೆನ್ನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಅಂಥವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ್ದಕ್ಕೆ ಹಾಳೆ ಇರಬೇಕು. ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಅದರ ಮೊದಲ ಹಂತ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಇದು ಫೋನಿನಲ್ಲಿ ಆಗದು. ಅದಕ್ಕೇ ಮೈಸೂರಿನಲ್ಲಿ ನಂಟರೋ ಹಳೆಯ ನೆರೆಯವರೋ ಒಬ್ಬರು ಹದಿನೈದು ದಿನಕ್ಕೊಮ್ಮೆ ಹೇಳದೆ ಹೋಗಿಬರಲಿ. ಸೇರಿಸುವಾಗಲೇ ಅವರ ಹೆಸರು ಬರೆಸಿ.

ಅಲ್ಲಿ ಹಾಳೆ ತುಂಬುವ ರೀತಿಯನ್ನೂ ಗಮನಿಸಲು ಹೇಳಿ. ಮಧ್ಯಾಹ್ನ ಮೂರಕ್ಕೆ ನೋಡಿದಾಗ ರಾತ್ರಿ ಎಂಟರ ಸಹಿ ಬಿದ್ದಿದ್ದರೆ, ಆ ಮನೆಯ ಯಾವ ಹಾಳೆಗೂ ಬೆಲೆಯಿಲ್ಲ.

ಪ್ರಶ್ನೆ: ಅಜ್ಜಿ ಊಟ ಬಿಟ್ಟಿದ್ದಾರೆ, ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಕಾಯಿಲೆ ಕೊನೆಯ ಹಂತ ಎಂದಿದ್ದಾರೆ. ಕೇಂದ್ರದವರು ಮೂಗಿನ ನಳಿಕೆ ಹಾಕಿಸಿ ಎನ್ನುತ್ತಾರೆ. ಹಾಕಿಸದಿದ್ದರೆ ಉಪವಾಸ ಕೆಡವಿದಂತಲ್ಲವೇ?
— ದಾವಣಗೆರೆಯ ಓದುಗರು

ಉತ್ತರ: ಕೊನೆಯ ಹಂತದ ಡಿಮೆನ್ಷಿಯಾದಲ್ಲಿ ನಳಿಕೆ ಬೇಡ, ಕೈತುತ್ತು ಇರಲಿ ಎಂಬುದು ವೃದ್ಧರ ಆರೋಗ್ಯ ನೋಡುವ ತಜ್ಞರ ಸಂಘವಾದ ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿಯ 2014ರ ನಿಲುವು. ನಳಿಕೆಯಿಂದ ಆಯಸ್ಸು ಹೆಚ್ಚಿದ್ದಾಗಲೀ, ಶ್ವಾಸಕೋಶಕ್ಕೆ ಆಹಾರ ಇಳಿಯುವುದು ತಪ್ಪಿದ್ದಾಗಲೀ ಕಂಡುಬಂದಿಲ್ಲ. ಕಿತ್ತುಕೊಳ್ಳುತ್ತಾರೆಂದು ಕೈ ಕಟ್ಟುವುದು ಮಾತ್ರ ಶುರುವಾಗುತ್ತದೆ. ಆದರೆ ಊಟ ಬಿಟ್ಟಿದ್ದು ಹಠಾತ್ತಾಗಿ ಆಗಿದ್ದರೆ ಬಾಯಿಹುಣ್ಣು, ಹಲ್ಲುನೋವು, ಸಡಿಲ ಹಲ್ಲಿನ ಸೆಟ್, ಮಲಬದ್ಧತೆ, ಹೊಸ ಮಾತ್ರೆ ಇವೆಯೇ ಎಂದು ಮೊದಲು ನೋಡಿಸಿ.

ಕೇಂದ್ರದವರು ನಳಿಕೆ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಕೈಯಿಂದ ಉಣಿಸಬೇಕಾದವರು ಎಂಟು ಮಂದಿ, ಒಬ್ಬೊಬ್ಬರಿಗೆ ಅರ್ಧ ಗಂಟೆ ಎಂದರೆ ನಾಲ್ಕು ಗಂಟೆ. ಉಣಿಸುವವರು ಇಬ್ಬರಿದ್ದರೂ ಎರಡು ಗಂಟೆ. ಒಂದಕ್ಕೆ ಶುರುವಾದ ಊಟ ಒಂದೂವರೆಗೆ ಮುಗಿಯುತ್ತಿದ್ದರೆ ಅಲ್ಲಿ ಯಾರೋ ಉಂಡಿಲ್ಲ. ಅಲ್ಲಿ ಕೂತು ಒಂದು ಊಟ ನೋಡಿ. ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ, ಅರ್ಧ ಚಮಚ, ನುಂಗಿದ್ದು ನೋಡಿ ಮುಂದಿನದು. ಆಮೇಲೂ ಅರ್ಧ ಗಂಟೆ ಮಲಗಿಸುವಂತಿಲ್ಲ. ನೀರು, ಕಾಫಿಯಂಥ ತೆಳು ದ್ರವವೇ ಮೊದಲು ಗಂಟಲಲ್ಲಿ ತಪ್ಪಿ ಇಳಿಯುವುದು, ಮಂದ ಅಂಬಲಿ ಅಲ್ಲ. ನಿಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಮುದ್ದೆ ಅಗಿಯದೆ ನುಂಗುವ ಊಟ. ಜೀವಮಾನವಿಡೀ ಉಂಡವರೆಂದು ನುಂಗಲಾರದವರಿಗೆ ಮುದ್ದೆ ಕೊಟ್ಟರೆ ಉಸಿರುಕಟ್ಟುತ್ತದೆ. ಅದೇ ರಾಗಿಯಿಂದ ಗಂಟಿಲ್ಲದ ರಾಗಿಸರಿ ಮಾಡಿ ಕೊಡಲಿ.

ಪ್ರಶ್ನೆ: ಮುಂದಿನ ವಾರ ಅತ್ತೆಯನ್ನು ಸೇರಿಸುತ್ತಿದ್ದೇವೆ. ಕರಾರು ಪತ್ರದಲ್ಲಿ ಏನು ನೋಡಬೇಕು, ಜೊತೆಗೆ ಏನು ಕಳಿಸಬೇಕು?
— ತುಮಕೂರಿನ ಓದುಗರು

ಉತ್ತರ: ಕರಾರಿನಲ್ಲಿ ತಿಂಗಳ ಮೊತ್ತಕ್ಕಿಂತ ಅದರಲ್ಲಿ ಸೇರದವುಗಳ ಪಟ್ಟಿ ಓದಿ. ಡೈಪರ್ ದಿನಕ್ಕೆ ನಾಲ್ಕು ಎಂದರೆ ತಿಂಗಳಿಗೆ 120. ಗ್ಲೌಸ್, ಫಿಸಿಯೋಥೆರಪಿ, ವೈದ್ಯರ ಭೇಟಿ, ಆಸ್ಪತ್ರೆಗೆ ಹೋದಾಗ ಜೊತೆಗಿರುವವರ ಕೂಲಿ, ಆಂಬುಲೆನ್ಸ್ ಯಾರ ಲೆಕ್ಕ? ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ಬಾಡಿಗೆಯೇ? ಠೇವಣಿ ಎಷ್ಟು ದಿನದಲ್ಲಿ ವಾಪಸ್? "ನಮಗೆ ನಿಭಾಯಿಸಲು ಆಗದಿದ್ದರೆ ಕರೆದೊಯ್ಯಬೇಕು" ಎಂಬ ಸಾಲು ಇದ್ದರೆ, ಯಾವ ಸ್ಥಿತಿಯಲ್ಲಿ, ಎಷ್ಟು ದಿನದ ನೋಟಿಸ್ ಕೊಟ್ಟು ಎಂದು ಬರೆಸಿ. ಖಾಲಿ ಜಾಗಗಳಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಡಿ.

ಕಳಿಸಬೇಕಾದ್ದರಲ್ಲಿ ಮುಖ್ಯವಾದದ್ದು ಒಂದು ಹಾಳೆ, ಎರಡೂ ಪಾಳಿಯವರು ಓದುವಂತೆ ಮಂಚದ ಬಳಿ ಅಂಟಿಸಲು. ಅವರನ್ನು ಏನೆಂದು ಕರೆದರೆ ತಿರುಗುತ್ತಾರೆ, ಟೀಚರಮ್ಮನೋ ಅಕ್ಕನೋ ಎಂಬುದು. ಕಾಫಿ ಎಷ್ಟು ಹೊತ್ತಿಗೆ, ಸಕ್ಕರೆ ಎಷ್ಟು. ಸ್ನಾನ ಬೆಳಗ್ಗೆಯೋ ಸಂಜೆಯೋ, ತಂಬಿಗೆಯಲ್ಲೋ ಷವರ್‌ನಲ್ಲೋ (ತಲೆ ಮೇಲೆ ಷವರ್ ಬಿಟ್ಟರೆ ಹಲವರು ಕಿರುಚುತ್ತಾರೆ). ಬಚ್ಚಲಿಗೆ ಹೋಗಬೇಕೆಂದರೆ ಅವರು ಹೇಳುವ ಮಾತು ಯಾವುದು. ಯಾರ ಹೆಸರು ಎತ್ತಿದರೆ ಅಳುತ್ತಾರೆ. ನೋವಾದರೆ ಬಾಯಿಬಿಟ್ಟು ಹೇಳುತ್ತಾರೋ, ಮುಖ ಕಿವಿಚುತ್ತಾರೋ.

ಬಟ್ಟೆ ಏಳು ಜೊತೆ, ಪ್ರತಿಯೊಂದಕ್ಕೂ ಹೆಸರು ಹೊಲಿದಿರಲಿ. ಒಗೆಯುವಲ್ಲಿ ಎಲ್ಲವೂ ಬೆರೆಯುತ್ತದೆ. ಸೀರೆ ಉಡುವವರಾಗಿದ್ದರೆ ಹಗಲಿಗಾದರೂ ಸೀರೆ ಇರಲಿ, ಮುಂದೆ ಗುಂಡಿ ಇರುವ ರವಿಕೆ ಕಳಿಸಿ. ಚಿನ್ನ ಬೇಡ. ಮಾಂಗಲ್ಯ ತೆಗೆದರೆ ರಂಪ ಮಾಡುವವರಿಗೆ ಕರಿಮಣಿಯ ಸರ ಸಾಕು. ಕನ್ನಡಕದ ಕಡ್ಡಿ, ಹಲ್ಲಿನ ಸೆಟ್ಟಿನ ಡಬ್ಬಿ, ಕಿವಿಯ ಯಂತ್ರ ಮೂರಕ್ಕೂ ಹೆಸರು ಬರೆಯಿರಿ. ಮೊದಲ ತಿಂಗಳಲ್ಲಿ ಕಳೆದುಹೋಗುವುದು ಇವೇ. ಕಿವಿಯ ಯಂತ್ರದ ಬ್ಯಾಟರಿ ಬದಲಿಸುವುದು ಯಾರ ಕೆಲಸ, ಯಾವ ವಾರ ಎಂದು ಹೋದ ದಿನವೇ ಒಬ್ಬರ ಹೆಸರಿಗೆ ಹಚ್ಚಿ ಬನ್ನಿ.